ಒಂದೇ ಎಚ್‌ಪಿ ಸಾಕಾಯ್ತು, ಪುಲ್ಲಿ ಬದಲಿಸಿದ ಮೇಲೆ

ತೀರ್ಥಹಳ್ಳಿ ಕಡೆ ನಮ್ಮದು ಸಣ್ಣ ತೋಟ. ಅಡಿಕೆ ಸುಲಿಯುವ ಮಷೀನಿಗೆ ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರ್. "ಅದರಲ್ಲಿ ಎಂತ ಆಗ್ತದೆ ಮಾರಾಯ, ಎರಡು ಎಚ್‌ಪಿ ಹಾಕು" ಅಂತ ಭಾವ ಮೂರು ವರ್ಷದಿಂದ ಹೇಳುತ್ತಲೇ ಇದ್ದರು. ಈ ಸಲದ ಕೊಯ್ಲು ಪೂರ್ತಿ ಅದೇ ಮೋಟಾರಿನಲ್ಲಿ ಸುಲಿದು ಮುಗಿಸಿದೆ.

ತಪ್ಪು ಮೊದಲು ನನ್ನದೇ. ಬೇಗ ಬೇಗ ಸುಲಿಯಲಿ ಅಂತ ಮೋಟಾರಿಗೆ ದೊಡ್ಡ ಪುಲ್ಲಿ ಹಾಕಿ ವೇಗ ಏರಿಸಿದ್ದೆ. ಖಾಲಿ ಓಡುವಾಗ ಏನು ಚಂದ! ಹಸಿ ಅಡಿಕೆ ಸುರಿದ ಕೂಡಲೇ ಗುಂಯ್ ಅಂತ ನರಳಿ, ಒಳಗಿನ ಸ್ವಿಚ್ 'ಟಿಕ್' ಅನ್ನುತ್ತಿತ್ತು. ಮೋಟಾರ್ ವೇಗ ಹಿಡಿದ ಮೇಲೆ ಸ್ಟಾರ್ಟಿಂಗ್ ಕೆಪಾಸಿಟರ್ ಅನ್ನು, ಅಂದರೆ ಶುರುವಿಗೆ ಮಾತ್ರ ಬಲ ಕೊಡುವುದನ್ನು, ಬಿಡಿಸುವ ಸ್ವಿಚ್ ಅದು. ಓಡುವಾಗ ಆ ಟಿಕ್ ಕೇಳಿಸಿದರೆ ವೇಗ ಬಿದ್ದು ಆ ಕೆಪಾಸಿಟರ್ ಮತ್ತೆ ಲೈನಿಗೆ ಬಂತು ಅಂತಲೇ ಲೆಕ್ಕ. ಎರಡು ಕೆಪಾಸಿಟರ್ ಹೊಟ್ಟೆ ಒಡೆದುಕೊಂಡವು. ಮೂರನೇ ಸಲ ವೈಂಡಿಂಗೇ ಹೋಯ್ತು. ಎರಡೂವರೆ ಸಾವಿರದ ಮೇಲೆ ಖರ್ಚು, ನಾಲ್ಕು ದಿನ ಬೇರೆ ಹಾಳು.

230 ಇರಬೇಕಾದ ವೋಲ್ಟೇಜ್ ಸಂಜೆ ನಮ್ಮಲ್ಲಿ 170ಕ್ಕೆ ಇಳಿಯುತ್ತದೆ. ವೋಲ್ಟೇಜ್ ಕಾಲು ಭಾಗ ಇಳಿದರೆ ಟಾರ್ಕ್, ಅಂದರೆ ತಿರುಗಿಸುವ ಬಲ, ಹತ್ತಿರ ಹತ್ತಿರ ಅರ್ಧ ಹೋಗುತ್ತದೆ, ಅಲ್ವಾ? ಎರಡು ಎಚ್‌ಪಿ ಹಾಕಿದ್ದರೆ ಕರೆಂಟ್ ಜಾಸ್ತಿ ಎಳೆದು, ನಮ್ಮ ಉದ್ದದ ಸಣ್ಣ ವೈರಿನಲ್ಲಿ ಇನ್ನಷ್ಟು ಬೀಳುತ್ತಿತ್ತು. ಭಾವನಿಗೆ ಇದನ್ನು ಒಪ್ಪಿಸುವುದಕ್ಕಿಂತ ವೈಂಡಿಂಗ್ ಸುಲಭ.

ನಡುವೆ ಸುಮ್ನೆ ಗುಜರಿಯಿಂದ ಟ್ರೆಡ್‌ಮಿಲ್‌ನ ಡಿಸಿ ಮೋಟಾರ್ ತಂದು ನೋಡಿದೆ. ಅದರ ಗುಣವೇ ಬೇರೆ. ಹಿಡಿದಷ್ಟೂ ವೇಗ ಇಳಿಸಿ ಬಲ ಕೊಡುತ್ತದೆ. ನಮ್ಮದು ಹಾಗಲ್ಲ. ವೇಗ 1440 ಆರ್‌ಪಿಎಂನಿಂದ (ನಿಮಿಷಕ್ಕೆ ಅಷ್ಟು ಸುತ್ತು) ಸುಮಾರು 1200ಕ್ಕೆ ಇಳಿಯುವ ತನಕ ಬಲ ಏರುತ್ತದೆ, ಅದಕ್ಕಿಂತ ಕೆಳಗೆ ಹೋದರೆ ಕೈ ಬಿಡುತ್ತದೆ. ಆದರೆ ಸಿಪ್ಪೆಯ ಧೂಳಿಗೆ ಡಿಸಿಯ ಕಾರ್ಬನ್ ಬ್ರಷ್ ತಿಂಗಳೂ ಬಾಳಲಿಲ್ಲ. ಈಗ ಅಟ್ಟದ ಮೇಲಿದೆ.

ಕೊನೆಗೆ ಮೋಟಾರಿಗೆ 3 ಇಂಚು, ಮಷೀನಿಗೆ 12 ಇಂಚು ಪುಲ್ಲಿ ಹಾಕಿದೆ. ಲೇತ್ ಕೆಲಸ ಸೇರಿ ಸಾವಿರದ ಆಸುಪಾಸು. ಮಷೀನಿನ ಶಾಫ್ಟ್ 360 ಆರ್‌ಪಿಎಂ, ಮೋಟಾರಿನ ಕಾಲು ಭಾಗ. ಮೋಟಾರಿನ 5 ನ್ಯೂಟನ್ ಮೀಟರ್ ಟಾರ್ಕ್ ನಾಲ್ಕು ಪಟ್ಟಾಗಿ, ಬೆಲ್ಟ್ ತಿಂದದ್ದು ಕಳೆದು, 18-19 ಆಗುತ್ತದೆ. "ಇಷ್ಟು ನಿಧಾನಕ್ಕೆ ಸುಲಿದರೆ ಬೆಳಗಾಗ್ತದೆ" ಅಂದರು ಭಾವ. ಮೊದಲು ಗಂಟೆಗೆ ಆರೇಳು ಸಲ ನಿಲ್ಲಿಸಿ, ಸಿಕ್ಕಿಕೊಂಡ ಸಿಪ್ಪೆ ಕೀಳಬೇಕಿತ್ತು. ಈಗ ಆರಕ್ಕೆ ಶುರು ಮಾಡಿದರೆ ಹತ್ತರ ತನಕ ಒಂದೇ ಸಮ ಓಡುತ್ತದೆ. ಎರಡು ರಾತ್ರಿಯ ಕೆಲಸ ಒಂದೇ ರಾತ್ರಿಗೆ.

ಸಣ್ಣ ಪುಲ್ಲಿಯಲ್ಲಿ ಬೆಲ್ಟಿಗೆ ಹಿಡಿತ ಕಡಿಮೆ. ಜಾರಿದರೆ ಸುಟ್ಟ ರಬ್ಬರ್ ವಾಸನೆ ಮನೆಯೊಳಗೇ ಬರುತ್ತದೆ. ಅದಕ್ಕೊಂದು ಉಪಾಯ ಮಾಡಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದರೆ ಕಾಫಿ ಕೊಟ್ಟು ತೋರಿಸುತ್ತೇನೆ.