ಹಡಗಿನಲ್ಲಿ ಯಾವುದಕ್ಕೆ ವಾದ ಮಾಡಬಹುದು, ಯಾವುದಕ್ಕೆ ಕೂಡದು: ಮುಂಬಯಿಯಿಂದ ಕ್ರೂಸ್ ಹೊರಡುವವರಿಗೆ

ಮುಂಬಯಿ–ಗೋವಾ ಕ್ರೂಸ್‌ಗೆ ಸಂಘದವರೆಲ್ಲ ಸೇರಿ ನಲವತ್ತು ಟಿಕೆಟ್ ಬುಕ್ ಮಾಡುವುದು ಸುಲಭ. ಅಷ್ಟು ಜನ ಮುಂಬಯಿ ಬಂದರಿನ ಬಲ್ಲಾರ್ಡ್ ಪಿಯರ್‌ನಲ್ಲಿ ಸ್ಕ್ಯಾನರ್ ದಾಟುವಾಗಲೇ ಮೊದಲ ಜಗಳ ಶುರುವಾಗುತ್ತದೆ. ಯಾರದೋ ಬ್ಯಾಗಿನಿಂದ ಇಸ್ತ್ರಿ ಪೆಟ್ಟಿಗೆ ಹೊರಬರುತ್ತದೆ, ಇನ್ಯಾರದೋ ಬ್ಯಾಗಿನಿಂದ ಕರ್ಪೂರದ ಡಬ್ಬಿ. ‘ದೇವರ ಸಾಮಾನು ಕಣ್ರೀ’ ಎಂದರೆ ಸೆಕ್ಯುರಿಟಿಯವರು ಕರಗುವುದಿಲ್ಲ. ಕರಗಬಾರದು ಕೂಡ.

ಹಡಗಿನ ನಿಯಮಗಳಲ್ಲಿ ಎರಡು ಬಗೆ. ಬೆಂಕಿ, ಮುಳುಗಡೆ, ಸೋಂಕು ತಡೆಯಲು ಇರುವಂಥವು ಒಂದು ಬಗೆ. ಸಾವಿರಾರು ಜನ ಒಂದೇ ಸೂರಿನಡಿ ಎರಡು-ಮೂರು ದಿನ ಹೊಂದಿಕೊಂಡು ಇರಲಿ ಎಂದು ಮಾಡಿದಂಥವು ಇನ್ನೊಂದು. ಎರಡನೆಯದರಲ್ಲಿ ಕೇಳಿಕೊಂಡರೆ, ನಕ್ಕು ಮಾತಾಡಿದರೆ ಸಡಿಲಿಕೆ ಸಿಗುತ್ತದೆ. ಮೊದಲನೆಯದರಲ್ಲಿ ಕ್ಯಾಪ್ಟನ್‌ನ ನೆಂಟರಿಗೂ ಸಿಗುವುದಿಲ್ಲ. ನಮ್ಮವರು ಎಡವುವುದು ಇವೆರಡನ್ನು ಅದಲುಬದಲು ಮಾಡಿಕೊಂಡು. ಕೆಟಲ್‌ಗಾಗಿ ಅರ್ಧ ಗಂಟೆ ವಾದ ಮಾಡುತ್ತಾರೆ, ಪಕ್ಕದ ಕ್ಯಾಬಿನ್ನಿನ ಗಲಾಟೆಯನ್ನು ಮಾತ್ರ ರಾತ್ರಿಯಿಡೀ ಸುಮ್ಮನೆ ಸಹಿಸಿಕೊಳ್ಳುತ್ತಾರೆ.

ಬ್ಯಾಗ್ ಕಟ್ಟುವಾಗ

ಬಿಸಿಯಾಗುವುದು, ಉರಿಯುವುದು ಯಾವುದೂ ಬೇಡ: ಇಸ್ತ್ರಿ ಪೆಟ್ಟಿಗೆ, ಕೆಟಲ್, ಇಂಡಕ್ಷನ್ ಒಲೆ, ನೀರು ಕಾಯಿಸುವ ರಾಡ್, ಊದುಬತ್ತಿ, ಕರ್ಪೂರ, ಮೇಣದ ಬತ್ತಿ, ಎಣ್ಣೆ ದೀಪ. ಕ್ಯಾಬಿನ್ನಿನಲ್ಲಿ ಪೂಜೆ ಮಾಡಲೇಬೇಕು ಎನ್ನುವವರು ಸೆಲ್ ಹಾಕುವ ಪುಟ್ಟ ದೀಪ ಒಯ್ದರೆ ಸಾಕು. ಮಗುವಿನ ಹಾಲಿಗೆ ಬಿಸಿನೀರು ಬೇಕಿದ್ದರೆ ಫ್ಲಾಸ್ಕ್ ಇಟ್ಟುಕೊಳ್ಳಿ, ಕೋಣೆ ನೋಡಿಕೊಳ್ಳುವ ಕ್ಯಾಬಿನ್ ಸ್ಟೀವರ್ಡ್‌ಗೆ ಹೇಳಿದರೆ ತುಂಬಿಸಿ ಕೊಡುತ್ತಾರೆ.

ಹೆಚ್ಚಿನವರಿಗೆ ಅರ್ಥವಾಗದಿರುವುದು ಎಕ್ಸ್‌ಟೆನ್ಷನ್ ಬೋರ್ಡಿನ ನಿಷೇಧ. ಅದರಲ್ಲೂ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ಏಕಾಏಕಿ ಏರಿದರೆ ಉಪಕರಣ ಕಾಯುವ ಸಾಧನ) ಇರುವ, ದುಬಾರಿ ಬೆಲೆಯ ‘ಸೇಫ್’ ಬೋರ್ಡಿಗೇ ಅಡ್ಡಿ ಏಕೆ? ಮನೆಯ ವೈರಿಂಗ್‌ನಲ್ಲಿ ಫೇಸ್ ತಂತಿಯೊಂದರಲ್ಲೇ ವೋಲ್ಟೇಜ್, ನ್ಯೂಟ್ರಲ್ ತಂತಿ ನೆಲಕ್ಕೆ ಕಟ್ಟಿಕೊಂಡಿರುತ್ತದೆ. ಹಲವು ಹಡಗುಗಳಲ್ಲಿ ಹಾಗಲ್ಲ. ಎರಡು ತಂತಿಗಳಲ್ಲಿ ಯಾವುದನ್ನೂ ಹಡಗಿನ ಕಬ್ಬಿಣದ ಮೈಗೆ ಕಟ್ಟಿರುವುದಿಲ್ಲ, ಎರಡರಲ್ಲೂ ವೋಲ್ಟೇಜ್ ಇರುತ್ತದೆ. ಮನೆಗೆಂದು ಮಾಡಿದ ಪ್ರೊಟೆಕ್ಟರ್ ತೊಂದರೆ ಬಂದಾಗ ಒಂದೇ ತಂತಿಯನ್ನು ಕಡಿಯುತ್ತದೆ. ಇನ್ನೊಂದು ಜೀವಂತವಾಗಿಯೇ ಇದ್ದು, ಬೋರ್ಡು ಒಳಗೊಳಗೇ ಕಾದು ಹೊತ್ತಿಕೊಳ್ಳಬಹುದು. ಅದಕ್ಕೆ ಬದಲು ನಾಲ್ಕು ಪೋರ್ಟಿನ ಸಾದಾ ಯುಎಸ್‌ಬಿ ಚಾರ್ಜರ್ ಒಯ್ಯಿರಿ.

ಬಾಟಲಿ ಒಯ್ಯುವ ಯೋಚನೆ ಬಿಡಿ. ನೀರಿನ ಬಾಟಲಿಗೆ ವೋಡ್ಕಾ ತುಂಬಿಸಿ ತರುವ ಉಪಾಯ ಸ್ಕ್ಯಾನರ್ ಮುಂದೆ ಕೂತವರಿಗೆ ಹೊಸದಲ್ಲ. ಮುಚ್ಚಳದ ಸೀಲ್ ಒಡೆದಿದೆಯೇ ಎಂದು ನೋಡುವುದೇ ಅವರ ಮೊದಲ ಕೆಲಸ. ಬಾರಿನಲ್ಲಿ ಕೇಳುವಾಗಲೂ ವಯಸ್ಸಿನ ಲೆಕ್ಕ ಇದೆ. ಮಹಾರಾಷ್ಟ್ರದಲ್ಲಿ ಬಿಯರ್, ವೈನ್‌ಗೆ 21, ವಿಸ್ಕಿ-ರಮ್ಮಿನಂಥದ್ದಕ್ಕೆ 25, ಗೋವಾದಲ್ಲಿ 21. ಹಡಗಿನ ಕಂಪನಿ ತನ್ನದೇ ಮಿತಿ ಇಟ್ಟುಕೊಂಡಿರುತ್ತದೆ. ಕ್ಯಾಬಿನ್ ಬಾಗಿಲಿಗೂ ಬಿಲ್ಲಿಗೂ ಬಳಸುವ ಕೀ ಕಾರ್ಡ್ ಸ್ವೈಪ್ ಮಾಡಿದೊಡನೆ ಹುಟ್ಟಿದ ತಾರೀಖು ಪರದೆಯ ಮೇಲೆ ಬರುವುದರಿಂದ ‘ಮಗನಿಗೆ ನಾನೇ ಕೊಡಿಸ್ತಿದ್ದೀನಿ’ ಎಂಬ ಅಪ್ಪನ ಮಾತು ನಡೆಯದು. ಕೊಡಿಸಿದ ಅಪ್ಪನ ಕಾರ್ಡಿಗೂ ಬಾರ್ ಬಂದ್ ಆಗುವುದುಂಟು.

ತಿಂಡಿಯ ವಿಷಯಕ್ಕೆ ಬಂದರೆ, ಅಂಗಡಿಯ ಸೀಲ್ ಇರುವ ಚಕ್ಕುಲಿ, ಕೋಡುಬಳೆಗೆ ಸಾಮಾನ್ಯವಾಗಿ ತಕರಾರಿಲ್ಲ. ಮನೆಯ ಬಿಸಿಬೇಳೆಬಾತ್ ಡಬ್ಬಿಗೆ ಇದೆ.

ದೊಡ್ಡ ಬ್ಯಾಗಿಗೆ ಟ್ಯಾಗ್ ಹಾಕಿ ಕೊಟ್ಟರೆ ಅದು ಕ್ಯಾಬಿನ್ ಸೇರಲು ಹಲವು ಗಂಟೆ ಬೇಕಾಗಬಹುದು. ಬಿಪಿ, ಶುಗರ್ ಮಾತ್ರೆ, ಡಾಕ್ಟರ್ ಚೀಟಿ, ಮೂಲ ಗುರುತಿನ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಟಿಕೆಟಿನಲ್ಲಿ ‘ಕೆ. ಎಸ್. ರಾವ್’, ಆಧಾರ್‌ನಲ್ಲಿ ಪೂರ್ತಿ ಹೆಸರು ಎಂಬ ಪರಿಸ್ಥಿತಿ ನಮ್ಮಲ್ಲಿ ತೀರಾ ಸಾಮಾನ್ಯ. ಪ್ರಯಾಣಿಕರ ಪಟ್ಟಿ ಹಡಗು ಹೊರಡುವ ಮುನ್ನವೇ ಮುಚ್ಚಿಹೋಗುವುದರಿಂದ ಹೆಸರು ಸರಿಪಡಿಸುವ ಕೆಲಸ ಬುಕಿಂಗ್ ಹೊತ್ತಿನಲ್ಲೇ ಆಗಬೇಕು.

ಏಳು ಗಿಡ್ಡ, ಒಂದು ಉದ್ದ

ಹತ್ತಿದ ಮೇಲೆ ಮೊದಲ ಕೆಲಸ ಬಫೆ ಅಲ್ಲ, ಮಸ್ಟರ್ ಡ್ರಿಲ್, ಅಂದರೆ ತುರ್ತಿನಲ್ಲಿ ಎಲ್ಲಿ ಸೇರಬೇಕೆಂಬ ತಾಲೀಮು. ಏಳು ಗಿಡ್ಡ ಸದ್ದು, ಆಮೇಲೆ ಒಂದು ಉದ್ದ ಸದ್ದು ಕೇಳಿದರೆ ಅದು ತುರ್ತು ಕರೆ. ಕೀ ಕಾರ್ಡಿನ ಮೇಲೆ ನಿಮ್ಮ ಮಸ್ಟರ್ ಸ್ಟೇಷನ್ನಿನ (ಸೇರಬೇಕಾದ ಜಾಗದ) ಅಕ್ಷರ ಅಥವಾ ಸಂಖ್ಯೆ ಅಚ್ಚಾಗಿರುತ್ತದೆ. ಅಲ್ಲಿಗೆ ಮೆಟ್ಟಿಲಲ್ಲೇ ಹೋಗಬೇಕು, ಲಿಫ್ಟ್‌ನಲ್ಲಲ್ಲ. ವಿದ್ಯುತ್ ಹೋದರೆ ಲಿಫ್ಟ್ ಎರಡು ಡೆಕ್ ನಡುವೆ ನಿಂತುಬಿಡುತ್ತದೆ. ಮಂಡಿನೋವಿನ ಹಿರಿಯರಿದ್ದರೆ ಅಲ್ಲಿನ ಸಿಬ್ಬಂದಿಗೆ ಅಂದೇ ಹೇಳಿ ಹೆಸರು ಬರೆಸಿ. ನಿಜವಾದ ತುರ್ತಿನಲ್ಲಿ ಕರೆದೊಯ್ಯಲು ಜನ ಬರುತ್ತಾರೆ. ಮಗುವಿನ ಅಳತೆಯ ಲೈಫ್ ಜಾಕೆಟ್ ಕ್ಯಾಬಿನ್ನಿನಲ್ಲಿ ಇಲ್ಲದಿದ್ದರೆ ಆಗಲೇ ಕೇಳಿ ಪಡೆಯಿರಿ.

ಡ್ರಿಲ್‌ನಲ್ಲಿ ಕಾರ್ಡ್ ಸ್ಕ್ಯಾನ್ ಆಗುವುದರಿಂದ ಯಾರು ಬರಲಿಲ್ಲ ಎಂಬುದು ಕೂಡಲೇ ಗೊತ್ತಾಗುತ್ತದೆ. ಮೊದಲು ಮೈಕಿನಲ್ಲಿ ಕ್ಯಾಬಿನ್ ನಂಬರ್ ಕೂಗುತ್ತಾರೆ, ಆಮೇಲೆ ಫೋನು, ಆಮೇಲೆ ಬಾಗಿಲಿಗೆ ಬರುತ್ತಾರೆ. ಕೊನೆಗೂ ಒಲ್ಲೆ ಎಂದರೆ ಇಳಿಸಿಬಿಡುವ ಅಧಿಕಾರ ಕ್ಯಾಪ್ಟನ್‌ಗೆ ಇದೆ. ಇಷ್ಟು ಬಿಗಿ ಏಕೆಂದರೆ 2012ರ ಜನವರಿ 13ರ ರಾತ್ರಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು ವಾಲಿದಾಗ, ಅಂದೇ ಹತ್ತಿದ್ದ ನೂರಾರು ಜನಕ್ಕೆ ಡ್ರಿಲ್ಲೇ ಆಗಿರಲಿಲ್ಲ. ಆಗಿನ ನಿಯಮದಲ್ಲಿ 24 ಗಂಟೆಯ ಅವಕಾಶವಿತ್ತು. 32 ಜನ ಸತ್ತರು. 2015ರ ಜನವರಿ 1ರಿಂದ, ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಕಡ್ಡಾಯ.

ಇದೇ ಸಾಲಿಗೆ ಸೇರಿದ್ದು ಸಿಗರೇಟ್. ಗುರುತು ಮಾಡಿದ ಜಾಗದಲ್ಲಿ ಮಾತ್ರ. ವೇಪ್ (ಇ-ಸಿಗರೇಟ್) ಕೂಡ ಸಿಗರೇಟೇ. ತುಂಡನ್ನು ಸಮುದ್ರಕ್ಕೆ ಎಸೆದರೆ ಅದು ಸಮುದ್ರಕ್ಕೇ ಬೀಳುತ್ತದೆ ಎಂಬ ಖಾತ್ರಿ ಇಲ್ಲ. ಹಡಗು ಓಡುವಾಗ ಪಕ್ಕದ ಗಾಳಿ ಅದನ್ನು ಕೆಳಗಿನ ಬಾಲ್ಕನಿಯ ಒಣ ಟವೆಲ್‌ಗೋ ಪ್ಲಾಸ್ಟಿಕ್ ಕುರ್ಚಿಗೋ ತಂದು ಹಾಕುತ್ತದೆ. 2006ರ ಮಾರ್ಚ್‌ನಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಗಳು ಸಾಲಾಗಿ ಉರಿದದ್ದಕ್ಕೆ ಬಹುಮಟ್ಟಿಗೆ ಇಂಥ ಒಂದು ತುಂಡೇ ಕಾರಣ ಎಂದು ತನಿಖೆ ಹೇಳಿತು. ರೇಲಿಂಗ್ ಮೇಲೆ ಕೂತು ಫೋಟೊ ತೆಗೆಸಿಕೊಂಡರೂ ಎಚ್ಚರಿಕೆಯ ಮೆಟ್ಟಿಲನ್ನು ಹಾರಿ ನೇರ ಕ್ರಮ. ಯಾರಾದರೂ ಬಿದ್ದದ್ದು ಕಂಡರೆ: ‘ಮ್ಯಾನ್ ಓವರ್‌ಬೋರ್ಡ್’ ಎಂದು ಕೂಗಿ, ಯಾವ ಬದಿ ಎಂದು ಹೇಳಿ, ಹತ್ತಿರದ ಲೈಫ್‌ಬಾಯ್ (ತೇಲುವ ಬಳೆ) ಎಸೆಯಿರಿ. ಆಮೇಲೆ ಒಬ್ಬರು ಬಿದ್ದ ವ್ಯಕ್ತಿಯ ಕಡೆಗೆ ಬೆರಳು ಮಾಡಿ ನಿಂತೇ ಇರಬೇಕು. ಒಂದು ಸಲ ಕಣ್ಣು ಕಿತ್ತರೆ ಅಲೆಯ ನಡುವೆ ತಲೆ ಮತ್ತೆ ಸಿಗುವುದಿಲ್ಲ.

ಹೂವೂ ಬೇಡ, ತೆಂಗಿನಕಾಯಿಯೂ ಬೇಡ

ಸಮುದ್ರರಾಜನಿಗೆ ಹೂವು, ನಾಣ್ಯ, ತೆಂಗಿನಕಾಯಿ ಅರ್ಪಿಸುವ ಆಸೆ ನಮ್ಮ ಹಿರಿಯರಿಗೆ ಇರುತ್ತದೆ. ಹಡಗಿನಿಂದ ಅದು ಸಲ್ಲದು. ಪ್ಲಾಸ್ಟಿಕ್ ಎಸೆಯುವುದನ್ನು ಅಂತಾರಾಷ್ಟ್ರೀಯ ಒಪ್ಪಂದ 1988ರ ಕೊನೆಯಿಂದಲೇ ಎಲ್ಲ ಸಮುದ್ರದಲ್ಲೂ ನಿಷೇಧಿಸಿದೆ. ಅಡುಗೆಮನೆಯ ಉಳಿಕೆಯನ್ನು ಹಡಗಿನವರೇ ಬಿಡಬೇಕಾದರೂ ದಡದಿಂದ ಇಷ್ಟು ದೂರ, ಇಷ್ಟು ಸಣ್ಣಗೆ ಅರೆದು ಎಂಬ ಲೆಕ್ಕವಿದೆ, ದಾಖಲೆ ಪುಸ್ತಕವಿದೆ. ಹೂವಿನ ಹಾರದಲ್ಲಿ ನೂಲಿನ ಜೊತೆ ಜರಿಯ ಪ್ಲಾಸ್ಟಿಕ್ಕೂ ಇರುತ್ತದೆ ಎಂಬುದನ್ನು ನಾವು ಮರೆತೇಬಿಡುತ್ತೇವೆ. ದಂಡ ಬೀಳುವುದು ಹಡಗಿಗೆ. ಆದ್ದರಿಂದ ಸಿಸಿಟಿವಿಯಲ್ಲಿ ಸಿಕ್ಕವರ ಮೇಲೆ ಹಡಗಿನವರು ಕನಿಕರ ತೋರುವುದಿಲ್ಲ.

ವಾಂತಿ, ಬಫೆ, ಈಜುಕೊಳ

ವಾಂತಿ ಆದರೆ ‘ಸಮುದ್ರಕ್ಕೆ ತಲೆಸುತ್ತು ಅಷ್ಟೇ’ ಎಂದು ಮುಚ್ಚಿಡುವುದು ದೊಡ್ಡ ತಪ್ಪು. ಹಡಗು ಅಷ್ಟಾಗಿ ತೂಗದಿರುವಾಗ, ಭೇದಿಯೂ ಜೊತೆಗಿದ್ದರೆ ಅದು ಬೇಗ ಹರಡುವ ಹೊಟ್ಟೆಯ ಸೋಂಕು, ನೋರೊವೈರಸ್ ಆಗಿರಬಹುದು. ಮೆಡಿಕಲ್ ಸೆಂಟರ್‌ಗೆ ಕ್ಯಾಬಿನ್‌ನಿಂದಲೇ ಫೋನ್ ಮಾಡಿ, ನಡೆದು ಹೋಗಬೇಡಿ. ಸಾಮಾನ್ಯವಾಗಿ ಲಕ್ಷಣ ನಿಂತ ಮೇಲೂ 24ರಿಂದ 48 ಗಂಟೆ ಕ್ಯಾಬಿನ್ನಿನಲ್ಲೇ ಇರಿಸುತ್ತಾರೆ, ಊಟ ಅಲ್ಲಿಗೇ ಬರುತ್ತದೆ. ಬಫೆ ಬಾಗಿಲಲ್ಲಿನ ಸ್ಯಾನಿಟೈಸರ್ ಈ ವೈರಸ್‌ಗೆ ಸಾಲದು. ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ತೊಳೆಯಬೇಕು. ಎಂಜಲು ತಟ್ಟೆ ಹಿಡಿದು ಎರಡನೇ ಸುತ್ತಿಗೆ ಹೋಗಬೇಡಿ, ಹೊಸ ತಟ್ಟೆ ತೆಗೆದುಕೊಳ್ಳಿ. ಮಡಿಯ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡೈಪರ್ ಹಾಕಿದ ಮಗುವನ್ನು ಕೊಳಕ್ಕೆ ಇಳಿಸುವಂತಿಲ್ಲ, ಈಜಿನ ಡೈಪರ್ ಆದರೂ ಸರಿ. ಒಂದು ಸಲ ಸೋರಿದರೆ ಕೊಳ ಖಾಲಿ ಮಾಡಿ, ಶುದ್ಧ ಮಾಡಿ ತುಂಬಿಸಲು ಗಂಟೆಗಟ್ಟಲೆ ಹಿಡಿಯುತ್ತದೆ.

ಕುರ್ಚಿ, ಕಾರಿಡಾರ್, ಅಂತ್ಯಾಕ್ಷರಿ

ಬೆಳಿಗ್ಗೆ ಏಳಕ್ಕೆ ಕೊಳದ ಪಕ್ಕದ ಹತ್ತು ಕುರ್ಚಿಗೆ ಟವೆಲ್ ಹಾಸಿ ತಿಂಡಿಗೆ ಹೋಗುವುದು ಲೋಕಲ್ ರೈಲಿನಲ್ಲಿ ಸೀಟಿಗೆ ಕರವಸ್ತ್ರ ಹಾಕಿದಂತೆ. ಹಡಗಿನಲ್ಲಿ ಅದಕ್ಕೆ ಹಲವು ಕಡೆ 30 ಅಥವಾ 40 ನಿಮಿಷದ ಮಿತಿ. ಸಿಬ್ಬಂದಿ ಕುರ್ಚಿಗೆ ಹೊತ್ತು ಬರೆದ ಚೀಟಿ ಅಂಟಿಸುತ್ತಾರೆ, ಹೊತ್ತು ಮೀರಿದರೆ ಟವೆಲ್ ಎತ್ತಿಡುತ್ತಾರೆ. ಬೇರೆಯವರ ಟವೆಲ್ ನೀವೇ ಎತ್ತಬೇಡಿ. ಕನ್ನಡಕವೋ ಫೋನೋ ಕಳೆಯಿತು ಎಂದರೆ ನೀವೇ ಆರೋಪಿ. ಕೊಳದ ಅಟೆಂಡೆಂಟ್‌ಗೆ ‘ಈ ಮೂರು ಕುರ್ಚಿ ಒಂಬತ್ತು ಗಂಟೆಯಿಂದ ಖಾಲಿ ಇವೆ’ ಎಂದು ಹೊತ್ತು ಹೇಳಿ ದೂರಿ.

ಕ್ಯಾಬಿನ್ನಿನ ಗೋಡೆ ತೆಳು. ಅಂತ್ಯಾಕ್ಷರಿ ಕಾರಿಡಾರ್‌ನಲ್ಲಿ ಬೇಡ. ನಲವತ್ತು ಜನರ ತಂಡವಾದರೆ ಗೆಸ್ಟ್ ಸರ್ವೀಸಸ್ (ಪ್ರಯಾಣಿಕರ ಸಹಾಯ ಕೌಂಟರ್) ನಲ್ಲಿ ಮೊದಲೇ ಕೇಳಿ. ಖಾಲಿ ಇರುವ ಹೊತ್ತಿಗೆ ಒಂದು ಲೌಂಜ್ ಕೊಡುವುದುಂಟು. ಸಡಿಲಿಕೆ ಸಿಗುವ ನಿಯಮ ಎಂದದ್ದು ಇಂಥದ್ದಕ್ಕೆ. ಊಟಕ್ಕೆ ಎಲ್ಲರೂ ಒಂದೇ ಮೇಜು ಬೇಕೆಂದು ಹಟ ಹಿಡಿಯದೆ ಎಂಟೆಂಟು ಜನರಾಗಿ ಕೂತರೆ ಬೇಗ ಬಡಿಸುತ್ತಾರೆ. ಬೆಳ್ಳುಳ್ಳಿ-ಈರುಳ್ಳಿ ಇಲ್ಲದ ಅಡುಗೆ ಬೇಕಾದರೆ ಬುಕಿಂಗ್‌ನಲ್ಲೇ ಬರೆಸಿ.

ಸಿಬ್ಬಂದಿಯನ್ನು ಚಿಟಿಕೆ ಹೊಡೆದು ಕರೆಯುವುದು, ಕ್ಯಾಬಿನ್‌ಗೆ ಹರಟೆಗೆ ಕರೆಯುವುದು ಎರಡೂ ಬೇಡ. ಕೆಲಸವಿಲ್ಲದೆ ಪ್ರಯಾಣಿಕರ ಕ್ಯಾಬಿನ್ ಹೊಕ್ಕರೆ ಅವರ ಕೆಲಸವೇ ಹೋಗುತ್ತದೆ. ಅವರಲ್ಲಿ ಉಡುಪಿ, ಕಾರವಾರದ ಹುಡುಗ ಸಿಕ್ಕರೂ ಅಷ್ಟೇ. ‘ನಮ್ಮ ಕಡೆಯವನಪ್ಪಾ’ ಎಂಬ ಪ್ರೀತಿಯನ್ನು ಡೆಕ್ ಮೇಲೆ ಎರಡು ಮಾತಿನಲ್ಲಿ ಮುಗಿಸಿ.

ಕ್ರಮ ಹೇಗೆ ಏರುತ್ತದೆ

ಮೊದಲು ಹತ್ತಿರದ ಸಿಬ್ಬಂದಿಯ ಮಾತು, ಆಮೇಲೆ ಸೂಪರ್‌ವೈಸರ್, ಆಮೇಲೆ ಸೆಕ್ಯುರಿಟಿ. ಸೆಕ್ಯುರಿಟಿ ಬಂದರೆಂದರೆ ವಿಷಯ ದಾಖಲಾಯಿತು ಎಂದೇ ಅರ್ಥ. ಅವರ ಮೇಲೆ ಸ್ಟಾಫ್ ಕ್ಯಾಪ್ಟನ್; ಹಡಗಿನಲ್ಲಿ ಕ್ಯಾಪ್ಟನ್ ನಂತರದ ಅಧಿಕಾರಿ, ಶಿಸ್ತು-ಭದ್ರತೆ ಅವರ ಕೈಯಲ್ಲಿ. ಶಿಕ್ಷೆಯೂ ಹೀಗೇ ಏರುತ್ತದೆ: ಲಿಖಿತ ಎಚ್ಚರಿಕೆ, ಬಾರ್ ಬಂದ್, ಬಿಲ್ಲಿಗೆ ಶುಚಿ ಅಥವಾ ದುರಸ್ತಿ ವೆಚ್ಚ, ಕ್ಯಾಬಿನ್ನಿನಲ್ಲೇ ಕಾವಲು, ಮುಂದಿನ ಬಂದರಿನಲ್ಲಿ ಇಳಿಸುವುದು. ಇಳಿಸಿದರೆ ವಾಪಸು ಬರುವ ಖರ್ಚು ನಿಮ್ಮದೇ. ಸೆಕ್ಯುರಿಟಿ ಬಂದಾಗ ಮಾಡಬೇಕಾದ್ದು ಇಷ್ಟೇ: ದನಿ ತಗ್ಗಿಸಿ, ಕುಡಿದವರನ್ನು ಮಾತಾಡಲು ಬಿಡದೆ ತಂಡದ ಒಬ್ಬರೇ ಮಾತಾಡಿ, ಬರೆದುಕೊಟ್ಟದ್ದನ್ನು ಓದಿಯೇ ಸಹಿ ಹಾಕಿ.

ದೂರು ನಿಮ್ಮದಾದರೆ ಗೆಸ್ಟ್ ಸರ್ವೀಸಸ್‌ನಲ್ಲಿ ಬರವಣಿಗೆಯಲ್ಲಿ ಕೊಡಿ: ಡೆಕ್, ಕ್ಯಾಬಿನ್ ನಂಬರ್, ಗಂಟೆ-ನಿಮಿಷ, ನಡೆದದ್ದು. ‘ತುಂಬಾ ಸತಾಯಿಸಿದರು’ ಎಂದರೆ ಏನೂ ಆಗದು, ‘ರಾತ್ರಿ 1.20ಕ್ಕೆ, ಡೆಕ್ 6ರ ಲಿಫ್ಟ್ ಮುಂದೆ’ ಎಂದರೆ ಕ್ಯಾಮೆರಾ ತಿರುಗಿಸಿ ನೋಡುತ್ತಾರೆ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುವ ಮುನ್ನ ತೆಗೆದಿಡಲು ಅಂದೇ ಕೇಳಬೇಕು, ದೂರಿನ ಪ್ರತಿ ಪಡೆಯಬೇಕು. ಮೈಮುಟ್ಟುವ, ಹೊಡೆಯುವ ಮಟ್ಟದ ಅಪರಾಧವಾದರೆ ಬಟ್ಟೆ ಒಗೆಯದೆ ಮೆಡಿಕಲ್ ಸೆಂಟರ್‌ಗೆ ಹೋಗಿ, ಪೊಲೀಸರಿಗೆ ತಿಳಿಸಿ ಎಂದು ಬರೆದುಕೊಡಿ. ಮುಂಬಯಿ ಬಂದರಿನ ಕಡೆಯ ಠಾಣೆ ಯೆಲ್ಲೋ ಗೇಟ್. ಹಡಗಿನ ಹಿಂಬದಿಯಲ್ಲಿ ಹೆಸರಿನ ಕೆಳಗೆ ಒಂದು ಊರಿನ ಹೆಸರು ಬರೆದಿರುತ್ತದೆ. ಅದು ನೋಂದಣಿಯ ಊರು. ನಡುಸಮುದ್ರದಲ್ಲಿ ಆ ದೇಶದ ಕಾನೂನು ನಡೆಯುತ್ತದೆ. ಭಾರತದ ನೋಂದಣಿಯಾಗಿದ್ದರೆ ಭಾರತೀಯ ನ್ಯಾಯ ಸಂಹಿತೆ ಎಲ್ಲಿದ್ದರೂ ಅನ್ವಯ.

ಗೋವಾದಲ್ಲಿ ಇಳಿದು ಹತ್ತುವಾಗ

ಹಡಗು ನಿಲ್ಲುವುದು ವಾಸ್ಕೊ ಬಳಿಯ ಮೊರ್ಮುಗಾಂವ್‌ನಲ್ಲಿ. ಕಲಂಗುಟ್ ಬೀಚ್ ಅಲ್ಲಿಂದ ಸುಮಾರು 40 ಕಿ.ಮೀ.; ಜುವಾರಿ ಸೇತುವೆ, ಪಣಜಿ ಎರಡನ್ನೂ ದಾಟಬೇಕು. ನಾಲ್ಕು ಗಂಟೆಯಷ್ಟೇ ಇದ್ದರೆ ಬೋಗ್ಮಾಳೊ ಬೀಚ್ ಸಾಕು. ‘ಆಲ್ ಅಬೋರ್ಡ್’ (ಎಲ್ಲರೂ ಹಡಗು ಹತ್ತಿರಬೇಕಾದ) ಹೊತ್ತು ಹಡಗು ಹೊರಡುವ ಹೊತ್ತಲ್ಲ, ಅದಕ್ಕಿಂತ ಅರ್ಧ-ಒಂದು ಗಂಟೆ ಮೊದಲು. ಹಡಗಿನವರೇ ಏರ್ಪಡಿಸಿದ ಬಸ್ ತಡವಾದರೆ ಕಾಯುವುದುಂಟು, ನಿಮ್ಮ ಟ್ಯಾಕ್ಸಿಗೆ ಕಾಯುವುದಿಲ್ಲ. ತಪ್ಪಿದರೆ ಮಡಗಾಂವ್‌ನಿಂದ ಕೊಂಕಣ ರೈಲೇ ಗತಿ. ಆದ್ದರಿಂದ ಗುರುತಿನ ಚೀಟಿ, ಹಣ, ಮಾತ್ರೆ ಮೈಮೇಲೇ ಇರಲಿ.

ದಡ ದೂರವಾದ ಮೇಲೆ ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಹಡಗಿನ ಸ್ಯಾಟಲೈಟ್ ನೆಟ್‌ವರ್ಕ್ ಸಿಕ್ಕಿಕೊಂಡರೆ ಅಂತಾರಾಷ್ಟ್ರೀಯ ರೋಮಿಂಗ್ ದರ ಬೀಳುತ್ತದೆ.

ಕೊನೆಯ ರಾತ್ರಿ ಟ್ಯಾಗ್ ಕಟ್ಟಿದ ಬ್ಯಾಗ್ ಬಾಗಿಲ ಹೊರಗಿಡಬೇಕು. ಮರುದಿನದ ಬಟ್ಟೆಯನ್ನೂ ಅದರಲ್ಲೇ ತುಂಬಿಟ್ಟು, ಬೆಳಿಗ್ಗೆ ನೈಟಿಯ ಮೇಲೆ ಶಾಲು ಹೊದ್ದು ಇಳಿಯುವವರು ಪ್ರತಿ ಸಲ ಒಬ್ಬರಾದರೂ ಇರುತ್ತಾರೆ. ಬಿಲ್ಲನ್ನು ಹಿಂದಿನ ಸಂಜೆಯೇ ತರಿಸಿ ನೋಡಿ, ತಕರಾರಿದ್ದರೆ ಆಗಲೇ ಹೇಳಿ. ಬೆಳಿಗ್ಗೆ ಕೌಂಟರ್ ಮುಂದೆ ಸಾಲು ಉದ್ದ. ಸ್ಕ್ಯಾನರ್ ಬಳಿ ಕಿತ್ತುಕೊಂಡ ಇಸ್ತ್ರಿ ಪೆಟ್ಟಿಗೆ ವಾಪಸು ಸಿಗುವುದು ಅಂದು ಕೊಟ್ಟ ಚೀಟಿ ತೋರಿಸಿದರೆ. ಅದನ್ನು ಮೊದಲ ದಿನವೇ ಫೋಟೊ ತೆಗೆದಿಟ್ಟುಕೊಳ್ಳಿ, ಮೂರನೇ ದಿನ ಯಾವ ಪ್ಯಾಂಟಿನ ಜೇಬಿನಲ್ಲಿದೆ ಎಂದು ಯಾರಿಗೂ ನೆನಪಿರುವುದಿಲ್ಲ.