ಗಢವಾಲಿ ಬೆಟಾಲಿಯನ್ನಿನ ಡೈರಿಯನ್ನು ನಾನು ಓದಿದ ಬಗೆ

ಬೆಂಗಳೂರಿನ ಜೆ. ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕದ ಮುಂದೆ ವರ್ಷಗಟ್ಟಲೆ ಓಡಾಡಿದವನು ನಾನು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾದಲ್ಲಿ ಈ ಕುದುರೆ ಪಡೆಯೂ ಸೇರಿ ನಡೆಸಿದ ದಾಳಿಯ ಕಥೆ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಆದರೆ ಅದು ಒಂದು ದಿನದ ಕಥೆ, ಮೊದಲ ಮಹಾಯುದ್ಧ ನಡೆದದ್ದು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ. ಉಳಿದ ದಿನಗಳಲ್ಲಿ ಸಿಪಾಯಿ ಏನು ಉಂಡ, ಎಲ್ಲಿ ಮಲಗಿದ, ಎಷ್ಟು ದಿನಕ್ಕೊಮ್ಮೆ ಮೈ ತೊಳೆದುಕೊಂಡ ಎಂಬ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಅದರಲ್ಲೂ ಕುದುರೆಯಿಲ್ಲದೆ ಕೆಸರಿನಲ್ಲಿ ನಿಂತಿದ್ದ ಕಾಲಾಳಿನ ಬದುಕು ತಿಳಿಯಬೇಕಿತ್ತು. ಅದಕ್ಕಾಗಿ ಫ್ರಾನ್ಸಿಗೆ ಹೋದ ಒಂದು ಭಾರತೀಯ ಪಡೆಯನ್ನು ಆರಿಸಿಕೊಂಡೆ: ಹಿಮಾಲಯದ ಗಢವಾಲ್ ಸೀಮೆಯವರ 39ನೇ ಗಢವಾಲ್ ರೈಫಲ್ಸ್‌ನ ಮೊದಲನೆಯ ಬೆಟಾಲಿಯನ್, ಅಂದರೆ ನೂರಾರು ಸಿಪಾಯಿಗಳ ಒಂದು ತುಕಡಿ.

ಬ್ರಿಟಿಷ್ ಸೇನೆಯ ಅಧೀನದಲ್ಲಿದ್ದ ಪ್ರತಿ ಬೆಟಾಲಿಯನ್ ಯುದ್ಧಭೂಮಿಯಲ್ಲಿ ದಿನಂಪ್ರತಿ ಡೈರಿ ಬರೆಯಬೇಕಿತ್ತು. ಅವುಗಳ ಮೂಲ ಪ್ರತಿಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯು. ಓ. 95 ಎಂಬ ಸಾಲಿನಲ್ಲಿವೆ. ಡೈರಿಯ ಹಾಳೆ ಅಚ್ಚು ಮಾಡಿದ ನಮೂನೆ, ಅದರ ಸಂಖ್ಯೆ ಸಿ. 2118. ಸ್ಥಳ, ದಿನಾಂಕ, ಗಂಟೆ, ನಡೆದ ಸಂಗತಿ, ಷರಾ ಎಂದು ಅಂಕಣಗಳು. ಬರೆಯುವ ಹೊಣೆ ಸಾಮಾನ್ಯವಾಗಿ ಅಡ್ಜುಟೆಂಟ್ ಎಂಬ ಅಧಿಕಾರಿಯದು. ಹಲವು ಪುಟಗಳು ಪೆನ್ಸಿಲ್ಲಿನಲ್ಲಿವೆ.

ಮೊದಲ ವಾರ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ, ಹೊಸಬರಿಗೆ ಉಪಯೋಗವಾದೀತು. ಕಾಳಗದ ದಿನಗಳನ್ನು ಹುಡುಕಿಕೊಂಡು ನೇರವಾಗಿ 1915ರ ಮಾರ್ಚಿಗೆ ಹೋದೆ. ಉತ್ತರ ಫ್ರಾನ್ಸಿನ ನವ್ ಶಾಪೆಲ್ ಹಳ್ಳಿಯ ಯುದ್ಧದ ಮೊದಲ ದಿನ, ಮಾರ್ಚ್ 10, ಬೆಳಿಗ್ಗೆ 7.30ಕ್ಕೆ ಫಿರಂಗಿಗಳು ಆರಂಭಿಸಿ 35 ನಿಮಿಷ ಸಿಡಿದವು. 8.05ಕ್ಕೆ ಕಾಲಾಳುಗಳು ಮೇಲೆದ್ದರು. ಈ ಬೆಟಾಲಿಯನ್ ದಿಕ್ಕು ತಪ್ಪಿ ಬಲಕ್ಕೆ ಸರಿದು, ಗುಂಡುಗಳು ಮುಟ್ಟದೆ ಉಳಿಸಿದ್ದ ಮುಳ್ಳುತಂತಿಯ ಮುಂದೆ ಸಿಕ್ಕಿಕೊಂಡಿತು. ಓದಿದೆ, ಎದೆ ಭಾರವಾಯಿತು, ಆದರೆ ಆ ಜನರ ಪರಿಚಯವೇ ನನಗೆ ಆಗಿರಲಿಲ್ಲ. ಹಿಂದಕ್ಕೆ ಹೋಗಿ, 1914ರ ಅಕ್ಟೋಬರಿನಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಲ್ಲಿಂದ ಒಂದು ದಿನವನ್ನೂ ಬಿಡದೆ ಓದತೊಡಗಿದೆ.

ಒಂದು ದಿನಕ್ಕೆ ಒಂದು ಸಾಲಿನಂತೆ ದೊಡ್ಡ ಕೋಷ್ಟಕ ಮಾಡಿಕೊಂಡೆ: ಊರು, ಹವೆ, ಕೆಲಸ, ಊಟದ ಸುದ್ದಿ, ಕಾಯಿಲೆ, ಸತ್ತವರು, ಗಾಯಗೊಂಡವರು. ಸಂಕ್ಷೇಪಗಳಿಗೆ ಬೇರೆಯೇ ಒಂದು ನೋಟುಪುಸ್ತಕ ಬೇಕಾಯಿತು. ಓ. ಆರ್. ಎಂದರೆ ‘ಇತರ ದರ್ಜೆಯವರು’, ಅಂದರೆ ಅಧಿಕಾರಿಗಳಲ್ಲದವರೆಲ್ಲ. ಸ್ಥಳದ ಹೆಸರುಗಳೂ ಕಾಡುತ್ತವೆ. ‘ಪೋರ್ಟ್ ಆರ್ಥರ್’ ಎಂದು ಕಂಡರೆ ಅದು ಚೀನಾದ ಬಂದರಲ್ಲ. ನವ್ ಶಾಪೆಲ್ ಬಳಿಯ ಒಂದು ನಾಲ್ಕುದಾರಿಗೆ ಸೈನಿಕರು ಇಟ್ಟ ಹೆಸರು. ಮುಂದೆ ಬರುವ ಅಕ್ಷರ ಮತ್ತು ಅಂಕಿಗಳ ಸ್ಥಳಸೂಚಿಗಳು ಕಂದಕಗಳ ನಕ್ಷೆಯ ಚೌಕಗಳು. ಲೆಕ್ಕ ಗೊತ್ತಾದರೆ 50 ಗಜದಷ್ಟು ಹತ್ತಿರಕ್ಕೆ ಹೋಗಿ ನಿಲ್ಲಬಹುದು. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವು ಆ ನಕ್ಷೆಗಳನ್ನು ಇಂದಿನ ನಕ್ಷೆಯ ಮೇಲೆ ಹಾಸಿ ತೋರಿಸುತ್ತದೆ.

ಕೋಷ್ಟಕ ತುಂಬುತ್ತಾ ಹೋದಂತೆ ಯುದ್ಧದ ಚಿತ್ರವೇ ನನಗೆ ಬದಲಾಯಿತು. ಬೆಟಾಲಿಯನ್ ಯಾವಾಗಲೂ ಮುಂಚೂಣಿಯ ಕಂದಕದಲ್ಲಿ ಇರುವುದಿಲ್ಲ. ಕೆಲವು ದಿನ ಮುಂದೆ, ಕೆಲವು ದಿನ ಹಿಂದಿನ ಸಾಲಿನಲ್ಲಿ, ಆಮೇಲೆ ಇನ್ನೂ ಹಿಂದಿನ ಹಳ್ಳಿಯ ಕೊಟ್ಟಿಗೆ, ಕಣಜಗಳಲ್ಲಿ ವಾಸ್ತವ್ಯ. ಹಿಂದಕ್ಕೆ ಬಂದರೆ ವಿಶ್ರಾಂತಿ ಎಂದುಕೊಂಡಿದ್ದೆ. ಬಂದವರು ರಾತ್ರಿ ಮತ್ತೆ ಸಲಿಕೆ ಹಿಡಿದು ಮುಂದಕ್ಕೆ ನಡೆಯುತ್ತಾರೆ. ಮಣ್ಣು ಅಗೆಯುವುದು, ಮರಳುಚೀಲ ತುಂಬುವುದು, ತಂತಿಯ ಸುರುಳಿ ಹೊರುವುದು. ನನಗೆ ರೈತರ ಜೀತವೇ ನೆನಪಾಯಿತು. ಬಂದೂಕಿಗಿಂತ ಗುದ್ದಲಿ, ಸಲಿಕೆಗಳೇ ಆ ಕೈಗಳಲ್ಲಿ ಹೆಚ್ಚು ಹೊತ್ತು ಇದ್ದವು ಎಂದು ನಾನು ನಂಬುತ್ತೇನೆ.

ಆ ಸೀಮೆಯಲ್ಲಿ ಸ್ವಲ್ಪ ಅಗೆದರೆ ಸಾಕು, ನೀರು ಒಸರುತ್ತದೆ. 1914ರ ಚಳಿಗಾಲದಲ್ಲಿ ಕಂದಕಗಳು ಕಾಲುವೆಗಳಾದವು. ಕೆಳಕ್ಕೆ ಅಗೆಯಲಾಗದ ಕಡೆ ನೆಲದ ಮೇಲೆಯೇ ಮರಳುಚೀಲದ ಗೋಡೆ ಎಬ್ಬಿಸಿದರು. ಗಂಟೆಗಟ್ಟಲೆ ತಣ್ಣೀರಿನಲ್ಲಿ ನಿಂತ ಪಾದಗಳು ಊದಿ, ಮರಗಟ್ಟಿ, ಕೊಳೆಯತೊಡಗುತ್ತಿದ್ದವು. ತಿಮಿಂಗಿಲದ ಎಣ್ಣೆ ತಿಕ್ಕಿ ಒಣ ಕಾಲುಚೀಲ ಹಾಕಿಸುವುದು ಕ್ರಮೇಣ ಅಧಿಕಾರಿಗಳ ಕರ್ತವ್ಯವೇ ಆಯಿತು. ಹವೆಯ ಅಂಕಣವನ್ನೂ ಕಾಯಿಲೆಯ ಅಂಕಣವನ್ನೂ ಅಕ್ಕಪಕ್ಕ ಇಡಬೇಕೆಂದು ನನಗೆ ಹೊಳೆದದ್ದು ಇಲ್ಲಿಯೇ. ಮಳೆ ಎಂದು ಬರೆದ ಸಾಲನ್ನು ಈಗ ನಾನು ಹಗುರವಾಗಿ ದಾಟುವುದಿಲ್ಲ.

ಊಟದ ವಿಷಯದಲ್ಲಿ ಈ ಬೆಟಾಲಿಯನ್ ಪಕ್ಕದ ಬ್ರಿಟಿಷ್ ಪಡೆಯಂತಿರಲಿಲ್ಲ. ಅದೇ ಬ್ರಿಗೇಡಿನಲ್ಲಿದ್ದ ಲೆಸ್ಟರ್‌ಷೈರಿನವರಿಗೆ ಡಬ್ಬಿಯ ದನದ ಮಾಂಸ, ಗಟ್ಟಿ ಬಿಸ್ಕತ್ತು, ಜಾಮ್. ಇವರಿಗೆ ಗೋಧಿ ಹಿಟ್ಟು, ಬೇಳೆ, ತುಪ್ಪ, ಬೆಲ್ಲ. ಮಾಂಸಕ್ಕಾಗಿ ಜೀವಂತ ಆಡುಗಳನ್ನು ಒದಗಿಸಿ, ಅವರವರ ಪದ್ಧತಿಯಂತೆ ಕಡಿಯಲು ಬಿಡುತ್ತಿದ್ದರು. ಬೆಟಾಲಿಯನ್ನಿನ ಜೊತೆ ಅಡುಗೆಯವರು, ನೀರು ಹೊರುವ ಭಿಸ್ತಿಗಳು, ಜಾಡಮಾಲಿಗಳು ಇದ್ದರು. ಡೈರಿಗಳು ಅವರೆಲ್ಲರನ್ನೂ ‘ಫಾಲೋಯರ್ಸ್’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತವೆ. ರೊಟ್ಟಿ ಬೇಯಿಸಿದವನು ಯಾರು ಎಂದು ತಿಳಿಯುವ ದಾರಿಯೇ ಇಲ್ಲದಂತಾದದ್ದು ನನಗೆ ಇಂದಿಗೂ ಸಹಿಸಲಾಗುವುದಿಲ್ಲ.

ಸ್ನಾನವೂ ಬರೆದಿಡಬೇಕಾದ ಸಂಗತಿಯೇ ಆಗಿತ್ತು. ಹೇನಿನ ಕಾಟ ಎಲ್ಲ ಪಡೆಗಳಿಗೂ ಇತ್ತು. ಹಿಂದಿನ ಊರುಗಳ ಬಿಯರ್ ತಯಾರಿಸುವ ಕಟ್ಟಡಗಳ ದೊಡ್ಡ ತೊಟ್ಟಿಗಳೇ ಹಲವು ಪಡೆಗಳಿಗೆ ಸ್ನಾನದ ಮನೆಗಳಾಗಿದ್ದವು. ಹೊಲಿಗೆಯ ಸಂದಿನಲ್ಲಿದ್ದ ಹೇನಿನ ಮೊಟ್ಟೆ ಸಾಯಲೆಂದು ಬಟ್ಟೆಗೆ ಬಿಸಿ ಇಸ್ತ್ರಿ ಹಾಕುತ್ತಿದ್ದರು. ಕಂದಕ ಜ್ವರವನ್ನು ಹರಡುತ್ತಿದ್ದದ್ದು ಇದೇ ಹೇನು ಎಂದು ಸಾಬೀತಾದದ್ದು 1918ರಲ್ಲಿ. ಅಷ್ಟು ಹೊತ್ತಿಗೆ ಭಾರತೀಯ ಕಾಲಾಳು ವಿಭಾಗಗಳು ಫ್ರಾನ್ಸ್ ಬಿಟ್ಟು ಎರಡು ವರ್ಷ ದಾಟಿತ್ತು.

ಕಂದಕದಲ್ಲಿ ದಿನ ಆರಂಭವಾಗುತ್ತಿದ್ದದ್ದು ‘ಸ್ಟ್ಯಾಂಡ್ ಟು’ ಇಂದ. ಬೆಳಕು ಹರಿಯುವ ಮುನ್ನ ಎಲ್ಲರೂ ಬಯೊನೆಟ್ ಸಿಕ್ಕಿಸಿ ಕಟ್ಟೆಯ ಮೇಲೆ ನಿಲ್ಲಬೇಕು. ಸಂಜೆ ಮತ್ತೊಮ್ಮೆ. ಹಗಲಿನಲ್ಲಿ ತಲೆ ಎತ್ತುವಂತಿಲ್ಲವಾದ್ದರಿಂದ ನಿಜವಾದ ಕೆಲಸವೆಲ್ಲ ರಾತ್ರಿಗೆ. ಕೈಬಾಂಬುಗಳು ಸಾಲದೆ, ಖಾಲಿ ಜಾಮ್ ಡಬ್ಬಿಗಳಿಗೆ ಸ್ಫೋಟಕವನ್ನೂ ಕಬ್ಬಿಣದ ಚೂರುಗಳನ್ನೂ ತುಂಬಿ ತಾವೇ ಮಾಡಿಕೊಂಡ ಚಳಿಗಾಲ ಅದು.

ಇನ್ನು ಹೆಸರುಗಳ ವಿಷಯ. ಬ್ರಿಟಿಷ್ ಅಧಿಕಾರಿಗೆ ಗಾಯವಾದರೆ ಡೈರಿಯಲ್ಲಿ ಅವರ ಹೆಸರಿರುತ್ತದೆ. ಸಿಪಾಯಿ ಸತ್ತರೆ ಸಾಮಾನ್ಯವಾಗಿ ಅಂಕಿ. ಇದೇ ಬೆಟಾಲಿಯನ್ನಿನ ನಾಯಕ್ ದರ್ವಾನ್ ಸಿಂಗ್ ನೇಗಿ ಅವರು 1914ರ ನವೆಂಬರ್ 23-24ರ ರಾತ್ರಿ ಫೆಸ್ಟುಬೆರ್ ಬಳಿ, ಗಾಯಗೊಂಡ ಮೇಲೂ ಕಂದಕದ ಒಂದೊಂದು ತಿರುವಿನಲ್ಲೂ ಮೊದಲಿಗರಾಗಿ ನುಗ್ಗಿ, ಶೌರ್ಯಕ್ಕೆ ಕೊಡುವ ಅತ್ಯುನ್ನತ ಬ್ರಿಟಿಷ್ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದರು. ಡಿಸೆಂಬರ್ 5ರಂದು ದೊರೆ ಐದನೇ ಜಾರ್ಜ್ ಅವರೇ ಅದನ್ನು ತೊಡಿಸಿದರು. ಅವರ ಹೆಸರು ಉಳಿಯಿತು. ಅದೇ ಕಂದಕಗಳಲ್ಲಿ ಚೀಲ ತುಂಬುತ್ತಾ ಸತ್ತವನ ಹೆಸರನ್ನು ನಾವೇ ಹುಡುಕಬೇಕು.

ನಾನು ಹುಡುಕುವ ಕ್ರಮ ಹೀಗಿದೆ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಎಂಬ, ಯುದ್ಧದಲ್ಲಿ ಸತ್ತವರ ಲೆಕ್ಕವಿಡುವ ಸಂಸ್ಥೆಯ ದಾಖಲೆಯಲ್ಲಿ ರೆಜಿಮೆಂಟು ಮತ್ತು ಸತ್ತ ದಿನಾಂಕ ಕೊಟ್ಟು ನೋಡುವುದು. ಗುರುತಾದ ಸಮಾಧಿಯಿಲ್ಲದ ಭಾರತೀಯರ 4,700ಕ್ಕೂ ಹೆಚ್ಚು ಹೆಸರುಗಳು ನವ್ ಶಾಪೆಲ್ ಸ್ಮಾರಕದಲ್ಲಿವೆ. 1927ರಲ್ಲಿ ಅನಾವರಣಗೊಂಡ ಆ ಸ್ಮಾರಕ ನಿಂತಿರುವುದು ಅದೇ ಪೋರ್ಟ್ ಆರ್ಥರ್ ನಾಲ್ಕುದಾರಿಯಲ್ಲಿ. ಒಂದು ಎಚ್ಚರಿಕೆ: ಗಾಯಗೊಂಡವರು ಆಸ್ಪತ್ರೆಯಲ್ಲಿ ಎಷ್ಟೋ ದಿನಗಳ ನಂತರ ತೀರಿಕೊಂಡಿರಬಹುದು, ಆಗ ದಿನಾಂಕ ಡೈರಿಗೆ ಹೊಂದುವುದಿಲ್ಲ. ಇಂಗ್ಲೆಂಡಿನ ಬ್ರೈಟನ್ ಆಸ್ಪತ್ರೆಗಳಲ್ಲಿ ಸತ್ತ 53 ಹಿಂದೂ ಮತ್ತು ಸಿಖ್ಖರನ್ನು ಅಲ್ಲಿನ ಗುಡ್ಡದ ಮೇಲೆ ದಹನ ಮಾಡಲಾಯಿತು. ಹಾಗಾಗಿ ನಾನು ಆ ಪಟ್ಟಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ.

ಮಾರ್ಚ್ 10ರಂಥ ದಿನ ಈ ಕ್ರಮ ಸೋಲುತ್ತದೆ. ಹೆಸರುಗಳು ಪುಟಗಟ್ಟಲೆ ಬರುತ್ತವೆ, ಯಾರು ಎಲ್ಲಿ ಬಿದ್ದರೆಂದು ಹೇಳಲಾಗದು. ಆ ಯುದ್ಧದಲ್ಲಿ ಎಷ್ಟು ಜನ ಹೋದರೆಂದರೆ, ಮುಂದೆ ಗಢವಾಲ್ ರೈಫಲ್ಸ್‌ನ ಎರಡೂ ಬೆಟಾಲಿಯನ್ನುಗಳನ್ನು ಸೇರಿಸಿ ಒಂದು ಮಾಡಬೇಕಾಯಿತು. ಕ್ರಮ ಗೆಲ್ಲುವುದು ‘ಎಂದಿನಂತೆ’ ಎಂದು ಬರೆದ ದಿನಗಳಲ್ಲಿ. ಮಳೆ, ಶಾಂತ, ಒಬ್ಬ ಹತ: ಅಷ್ಟೇ ಇರುವ ಸಾಲಿಗೆ ದಾಖಲೆಯಲ್ಲಿಯೂ ಒಂದೇ ಹೆಸರು ಸಿಕ್ಕಿದರೆ ಅದು ಅವನೇ. ಹಾಗೆ ಮೊದಲ ಹೆಸರು ಸಿಕ್ಕಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ದಾಖಲೆಯಲ್ಲಿ ಅವನ ತಂದೆಯ ಹೆಸರಿತ್ತು, ಬೆಟ್ಟದ ಒಂದು ಹಳ್ಳಿಯ ಹೆಸರಿತ್ತು. ಕೋಷ್ಟಕದಲ್ಲಿ ‘1’ ಎಂದು ಬರೆದಿದ್ದನ್ನು ಅಳಿಸಿ, ಅದೇ ಚೌಕದಲ್ಲಿ ಮೂರನ್ನೂ ಬರೆದೆ. ಚೌಕ ಸಾಲಲಿಲ್ಲ, ಅಂಕಣವನ್ನೇ ಅಗಲ ಮಾಡಿದೆ.