ಗೆಲಾಕ್ಸಿ ಗುಚ್ಛದ ಅಂಚು ಸುಳ್ಳು ಬಿಸಿ ತೋರಿಸಿದಾಗ

ಮಡಿಕೇರಿಯ ಮಳೆಗಾಲದಲ್ಲಿ ನಕ್ಷತ್ರ ಕಾಣುವುದೇ ಅಪರೂಪ. ಬಾಹ್ಯಾಕಾಶದ ಎಕ್ಸ್-ರೇ ದೂರದರ್ಶಕವಾದ ಎಕ್ಸ್‌ಎಂಎಂ-ನ್ಯೂಟನ್ನಿನ ಹಳೆಯ ದತ್ತಾಂಶಕ್ಕೆ ಆ ಹಂಗಿಲ್ಲ, ಎಲ್ಲರಿಗೂ ಉಚಿತ. ದೂರದ ಗೆಲಾಕ್ಸಿ ಗುಚ್ಛವೊಂದರ ಅನಿಲದ ಉಷ್ಣತೆ ಅಳೆಯುತ್ತಿದ್ದೆ. ಕೋಟಿಗಟ್ಟಲೆ ಡಿಗ್ರಿ ಸಹಜವೇ. ಆದರೆ ನಡುಭಾಗಕ್ಕಿಂತ ಮಬ್ಬಾದ ಅಂಚೇ ಹೆಚ್ಚು ಬಿಸಿ ಎಂದು ಬಂತು. ನಂಬಲಾಗಲಿಲ್ಲ.

ಕಾರಣ ನಮ್ಮ ಭೂಮಿಯ ಹತ್ತಿರವೇ ಇತ್ತು. ಕಾಂತಗೋಳದ, ಅಂದರೆ ಭೂಮಿಯ ಕಾಂತಕ್ಷೇತ್ರದ ವಲಯದ, ಪ್ರೋಟಾನುಗಳು ದೂರದರ್ಶಕದ ಕನ್ನಡಿಗಳ ಮೂಲಕ ನುಗ್ಗಿ ಎಕ್ಸ್-ರೇಗಳಂತೆಯೇ ದಾಖಲಾಗಿ, ಹೆಚ್ಚು ಶಕ್ತಿಯ ಎಣಿಕೆ ಸೇರಿಸಿ ಅನಿಲ ಇನ್ನೂ ಬಿಸಿ ಎಂಬ ಭ್ರಮೆ ಹುಟ್ಟಿಸುತ್ತವೆ. ಅಂಚಿನಲ್ಲಿ ಗುಚ್ಛದ ಬೆಳಕೇ ಕಡಿಮೆ, ಹಾಗಾಗಿ ಏಟು ಅಲ್ಲಿಗೇ ಜೋರು.

10 ಕೆಇವಿಗಿಂತ (ಎಕ್ಸ್-ರೇ ಶಕ್ತಿಯ ಮಾನ) ಮೇಲಿನ ಎಣಿಕೆಯನ್ನು 100 ಸೆಕೆಂಡಿಗೊಮ್ಮೆ ಗ್ರಾಫ್ ಮಾಡಿದೆ. ಪ್ರೋಟಾನ್ ಉಬ್ಬರಗಳು ಎದ್ದು ಕಂಡವು. ದೂರದರ್ಶಕದ ಎರಡು ಬಗೆಯ ಕ್ಯಾಮೆರಾಗಳಲ್ಲಿ ಮಾಸ್ ಎಂಬುದಕ್ಕೆ ಸೆಕೆಂಡಿಗೆ 0.35 ಎಣಿಕೆ, ಪಿಎನ್‌ಗೆ 0.4ರ ಮಿತಿ ಹಾಕಿ, ಮೀರಿದ ಹೊತ್ತನ್ನೆಲ್ಲ ಕಿತ್ತುಹಾಕಿದೆ. ಅಮೂಲ್ಯ ವೀಕ್ಷಣಾ ಸಮಯ ಕೈಬಿಡಲು ಸಂಕಟವಾಗುತ್ತದೆ, ಆದರೂ ಬಿಡಲೇಬೇಕು. ಅಂಚಿನ ಉಷ್ಣತೆ ನಡುಭಾಗಕ್ಕಿಂತ ಕೆಳಗಿಳಿಯಿತು. ಉಳಿದ ಸಣ್ಣ ಪ್ರೋಟಾನ್ ಹಿನ್ನೆಲೆಗೆ, ದತ್ತಾಂಶಕ್ಕೆ ಸೂತ್ರ ಹೊಂದಿಸುವಾಗ (ಫಿಟ್), ಬೇರೆಯೇ ಪವರ್-ಲಾ (ಶಕ್ತಿಯ ಘಾತದಂತೆ ಬದಲಾಗುವ ಸರಳ ಸೂತ್ರ) ಸೇರಿಸಿ.